ಕೈಗೆ ಹತ್ತಿದ ಬಣ್ಣ

ಹುಣಸೆಹುಳಿ ತಿಕ್ಕಿದ್ದಾಯಿತು, ಸುಣ್ಣ ಹಚ್ಚಿದ್ದಾಯಿತು, ಚಿಮಣಿ ಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಉರಿಯುವಷ್ಟು ಉಜ್ಜಿದ್ದಾಯಿತು. ಆದರೂ ಸುಂದರಾಳ ಬಲಗೈ ಮಣಿಕಟ್ಟಿನವರೆಗೆ ಕಪ್ಪಗೇ ಇತ್ತು. ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ ಇನ್ನಷ್ಟು ದಟ್ಟವಾಗಿತ್ತು. ಅಥಣಿಯ ಹಳೆಯ ಹತ್ತಿ ಜೀನಿನ ಗೋದಾಮಿನ ಹಿಂದೆ, ನಲ್ಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಅವಳು ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಪ್ಪು ಅವಳದೇ. ಇವತ್ತು ದೊಡ್ಡವರು ಬರುತ್ತಾರೆ, ತೋರಿಸಲಿಕ್ಕೆ ಒಂದು ಜೊತೆ ಚಪ್ಪಲಿಗಾದರೂ ಕರಿ ಬಣ್ಣ ಕೊಟ್ಟಿಡೋಣವೆಂದು ಬೆಳಿಗ್ಗೆ ಬಂದವಳೇ ಡಬ್ಬಿಯ ಮುಚ್ಚಳವನ್ನು ಚಮಚದಿಂದ ಮೀಟಿದಳು. ಮುಚ್ಚಳ ಒಮ್ಮೆಲೇ ಹಾರಿತು. ಕಲಿಯಲು ಬರುವ ಹೆಂಗಸರಿಗೆ ದಿನಬೆಳಗಾದರೆ ಹೇಳುವುದು ಅದನ್ನೇ: ರಬ್ಬರಿನ ಗ್ಲೋಸು ಹಾಕಿಕೊಳ್ಳಿರಿ, ಡಬ್ಬಿಯ ಮೇಲೆ ಅರಿವೆ ಮುಚ್ಚಿ ಮೀಟಿರಿ, ಇದು ಸ್ಪಿರಿಟ್ಟಿನ ಬಣ್ಣ, ತೊಗಲು ಕಂಡರೆ ಒಳಗಿಳಿಯುತ್ತದೆ, ಅದು ಎಮ್ಮೆಯದೋ ನಿಮ್ಮದೋ ಎಂದು ಕೇಳುತ್ತ ಕೂಡುವುದಿಲ್ಲ. ಹಾಗೆ ಹೇಳಿ ನಗಿಸುತ್ತಿದ್ದವಳಿಗೆ ಈಗ ಆ ಮಾತು ನೆನಪಾಗಿ ಮೈ ಪರಚಿಕೊಳ್ಳುವ ಹಾಗಾಯಿತು. ಈ ಬಣ್ಣ ತೆಗೆಯಬೇಕಾದರೆ ಸ್ಪಿರಿಟ್ಟೇ ಬೇಕು. ಸ್ಪಿರಿಟ್ಟು ಬೀರುವಿನಲ್ಲಿತ್ತು, ಬೀರುವಿಗೆ ಬೀಗವಿತ್ತು, ಬೀಗದ ಕೈ ಈ ಸರಕಾರಿ ಚಪ್ಪಲಿ ತರಬೇತಿ ಕೇಂದ್ರದ ಮುಖ್ಯಸ್ಥರಾದ ಶಾಂತಿನಾಥರ ಉಡಿದಾರದಲ್ಲಿತ್ತು. ಯಾರಾದರೂ ಕುಡಿದುಬಿಟ್ಟಾರು ಎಂದು ಅವರಿಗೆ ಹಗಲೂ ರಾತ್ರಿ ಅನುಮಾನ. ಅವರು ಅತಿಥಿಗಳನ್ನು ಕರೆತರಲು ಹೋಗಿದ್ದರು. ಅಷ್ಟರಲ್ಲಿ ಅಪ್ಪ ಬಂದುಬಿಟ್ಟರೆ ಏನು ಮಾಡುವುದು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಅಪ್ಪ ಜುಗೂಳದಿಂದ ಬರುವವನಿದ್ದ. ಕಣ್ಣಿಗೆ ಪೊರೆ ಬಂದಿತ್ತು, ಅಥಣಿಯ ಡಾಕ್ಟರಿಗೆ ತೋರಿಸಬೇಕಿತ್ತು. ತೋರಿಸಿಕೊಂಡು, "ನಿನ್ನ ಸಾಲಿ ನೋಡಿ, ನಿನ್ನ ಜೋಡಿ ಎರಡ ತುತ್ತ ಉಂಡ ಬರ್ತೀನಿ" ಎಂದು ಹೋದ ಭಾನುವಾರ ಹೇಳಿದ್ದ. ಸಾಲಿ ಎಂದರೆ ಅವನ ಮನಸ್ಸಿನಲ್ಲಿ ಸಾಲಾಗಿ ಕಾಲಿನ ಮಷೀನುಗಳು, ಹುಡುಗಿಯರು, ಪರಕಾರ ಪೋಲಕಗಳು. ಸುಂದರಾ ಅವನಿಗೆ ಹೇಳಿದ್ದು ಹೊಲಿಗೆ ಟೀಚರು ಎಂದು. ಸುಳ್ಳೇನಲ್ಲ. ಆರ್ಡರಿನಲ್ಲಿಯೂ ಹೊಲಿಗೆ ಶಿಕ್ಷಕಿ ಎಂದೇ ಇತ್ತು. ಯಾವುದರ ಹೊಲಿಗೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮದ್ರಾಸಿಗೆ ಕಲಿಯಲು ಹೋದಾಗಲೂ ಹಾಗೆಯೇ, ಕರೆಂಟಿನ ಮಷೀನಿನ ಕೋರ್ಸು ಎಂದಷ್ಟೇ ಹೇಳಿ ಹೋಗಿದ್ದಳು. ಒಂದು ವರ್ಷದಿಂದ ಊರಿಗೆ ಹೋಗುವ ಮುನ್ನ ಸೋಪು ಹಚ್ಚಿ ತಲೆಸಹಿತ ಮಿಂದು, ಬೇರೆ ಸೀರೆ ಉಟ್ಟು, ಕೈ ಮೂಸಿ ನೋಡಿಕೊಂಡೇ ಬಸ್ಸು ಹತ್ತುತ್ತಿದ್ದಳು. ಕಳ್ಳತನ ಮಾಡುವವರಿಗೂ ಇಷ್ಟು ಶಿಸ್ತು ಇರಲಿಕ್ಕಿಲ್ಲ. ಕಣ್ಣು ಮಂಜಾಗಿದೆ, ಮೂಲೆಯಲ್ಲಿ ಕೂಡಿಸಿ ಮಾತಾಡಿಸಿ ಕಳಿಸಿದರೆ ಗೊತ್ತಾಗದೇ ಹೋದೀತು ಎಂದೂ ಒಂದು ಗಳಿಗೆ ಅನ್ನಿಸಿತು. ಹೆತ್ತ ತಂದೆಯ ಕುರುಡನ್ನು ನೆಚ್ಚಿ ಕೂಡುವ ಗತಿ ಬಂತಲ್ಲ ಎಂದು ಅವಳಿಗೆ ತನ್ನ ಬಗ್ಗೆಯೇ ಹೇಸಿಕೆಯಾಯಿತು.

ಗೊತ್ತಾದರೆ ಅಪ್ಪ ಬೈಯುವುದಿಲ್ಲ, ಹೊಡೆಯುವುದಿಲ್ಲ. ಅವಳ ಕೈಗೆ ಕೈ ತಾಗಿಸಿ ರೊಟ್ಟಿ ಕೊಡುವುದನ್ನು ಬಿಡುತ್ತಾನೆ, ಅಷ್ಟೇ. ಅದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಪ್ಪ ನಾಮದೇವನ ಮನೆಯಲ್ಲಿ ಊಟಕ್ಕೆ ಒಂದು ರೀತಿಯಿತ್ತು, ಅದು ಊರಲ್ಲಿ ಬೇರೆ ಯಾರ ಮನೆಯಲ್ಲಿಯೂ ಇರಲಿಲ್ಲ. ರೊಟ್ಟಿಯನ್ನು ತಾಟಿಗೆ ಹಾಕುವಂತಿಲ್ಲ, ಕೈಯಲ್ಲಿಯೇ ಕೊಡಬೇಕು, ಕೊಡುವವರ ಬೆರಳು ತೆಗೆದುಕೊಳ್ಳುವವರ ಬೆರಳಿಗೆ ತಾಗಬೇಕು. ಅವ್ವ ಪದ್ಮವ್ವ ಗಡಿಬಿಡಿಯಲ್ಲಿ ಮೇಲಿಂದ ಒಗೆದರೆ ಅಪ್ಪ ತಾಟು ಸರಿಸಿ ಎದ್ದುಬಿಡುತ್ತಿದ್ದ. "ಈ ಮನ್ಯಾಗ ಯಾರ ಕೈಗೂ ಮ್ಯಾಲಿಂದ ಏನೂ ಬೀಳೂದಿಲ್ಲ" ಎನ್ನುತ್ತಿದ್ದ. ಅವನ ಹರೆಯದವರೆಗೂ ಊರ ಸಾವಕಾರರ ವಾಡೆಯ ಅಂಗಳದಲ್ಲಿ ರೊಟ್ಟಿ ಮೇಲಿಂದ ಸೆರಗಿಗೆ ಬೀಳುತ್ತಿತ್ತು, ಹೋಟೆಲಿನಲ್ಲಿ ನೀರು ಮೇಲಿಂದ ಬೊಗಸೆಗೆ ಬೀಳುತ್ತಿತ್ತು. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಅವನು ಬೊಗಸೆ ಒಡ್ಡಲಿಲ್ಲ. ಆ ಸುಮಾರಿಗೇ ವಾಡೆಯವರ ಎತ್ತು ಸತ್ತಿತ್ತು, ಎಳೆದು ಒಯ್ಯಲು ಹೇಳಿ ಕಳಿಸಿದರು, ಅವನು ಹೋಗಲಿಲ್ಲ, ಓಣಿಯವರನ್ನೂ ಹೋಗಗೊಡಲಿಲ್ಲ. ಎತ್ತು ಉಬ್ಬಿತು, ವಾಡೆಯವರು ಮೂಗಿಗೆ ಧೋತರ ಹಿಡಿದರು, ಊರು ಇವರಿಗೆ ಕೂಲಿ ಕೊಡುವುದನ್ನು ನಿಲ್ಲಿಸಿತು, ಅಪ್ಪ ಶೇಡಬಾಳ ಸ್ಟೇಷನ್ನಿಗೆ ಹೋಗಿ ರೈಲ್ವೆ ಗ್ಯಾಂಗಿಗೆ ಸೇರಿದ. ಸುಂದರಾ ಈ ಕತೆ ಕೇಳುತ್ತಲೇ ಬೆಳೆದವಳು. ಅಂದಿನಿಂದ ಮನೆಯಲ್ಲಿ ತೊಗಲು ಎಂಬುದಿಲ್ಲ. ಅಪ್ಪನ ಕಾಲಿಗೆ ಕ್ಯಾನ್ವಾಸು ಬೂಟು, ಪ್ಯಾಂಟಿಗೆ ಬೆಲ್ಟಿನ ಬದಲು ಸುತಳಿ. ಅಣ್ಣನ ಮದುವೆಯಲ್ಲಿ ಹಲಗಿ ಬೇಡವೆಂದ, ಬ್ಯಾಂಡಿನವರು ಬಂದರೆ ಅವರ ಡ್ರಮ್ಮಿಗೂ ತೊಗಲಿದೆಯೆಂದು ಬರೀ ಪೀಪಿ ಊದಿಸಿದ. ಬೀಗರು ಇವತ್ತಿಗೂ ನಗುತ್ತಾರೆ. ಆದರೆ ಸತ್ತೆಪ್ಪ ಕಾಕಾನ ವಿಷಯ ನಗುವಂಥದ್ದಲ್ಲ. ಅಪ್ಪನ ಬೆನ್ನಿಗೆ ಬಿದ್ದ ತಮ್ಮ, ಮಿರಜಿಗೆ ಹೋಗಿ ತೊಗಲಿನ ಗೋದಾಮಿನಲ್ಲಿ ಕೆಲಸ ಹಿಡಿದ. ಹೊಟ್ಟೆಪಾಡು. ಜಯಂತಿಗೆಂದು ಊರಿಗೆ ಬಂದಾಗ ಎಲ್ಲರ ಸಾಲಿನಲ್ಲಿಯೇ ಕೂತ. ಅಪ್ಪ ರೊಟ್ಟಿ ಹಂಚುತ್ತ ಬಂದ, ಕಾಕಾ ಕೈ ಚಾಚಿದ, ಆ ಚಾಚಿದ ಕೈಯನ್ನು ಬಿಟ್ಟು ರೊಟ್ಟಿ ಟಪ್ಪೆಂದು ತಾಟಿಗೆ ಬಿತ್ತು. ಕಾಕಾ ಕೈಯನ್ನು ಸಾವಕಾಶವಾಗಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅವನು ಬಹಳ ದಿನ ಬದುಕಿದ್ದ, ಬಂದುಹೋಗಿ ಮಾಡುತ್ತಿದ್ದ, ಆದರೆ ಕೈ ಚಾಚಲಿಲ್ಲ. ಆಗ ಸುಂದರಾ ಸಣ್ಣವಳು, ಅಪ್ಪನ ಕಡೆಗೇ ಇದ್ದಳು.

"ಅಕ್ಕಾರ, ಎಷ್ಟ ತಿಕ್ಕತೀರಿ? ತೊಗಲ ಕಿತ್ತ ಬಂದೀತು" ಎಂದು ಬಾಗಿಲಲ್ಲಿ ನಿಂತ ಲಕ್ಕವ್ವ ಹೇಳಿದಳು. ಸಮಗಾರ ಓಣಿಯ ಹಿರಿಯಳು, ಕಲಿಯಲು ಬರುವ ಹೆಂಗಸರಲ್ಲಿ ಎಲ್ಲರಿಗಿಂತ ಬಾಯಾಳಿ. ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ತೋರಿಸಿದಳು, ತೊಗಲು ಹದ ಮಾಡುವ ಜಾಲಿ ತೊಗಟೆಯ ಕಂದು ಬಣ್ಣ ಅವಳ ಬೆರಳಿನ ಸುಕ್ಕುಗಳಲ್ಲಿ ಇಳಿದುಹೋಗಿತ್ತು. "ನಮ್ಮವ್ವನ ಕೈ ಹಿಂಗಽ ಇತ್ತು, ನಮ್ಮತ್ತಿದೂ ಹಿಂಗಽ ಇತ್ತು. ನಾವೇನ್ ಉಣ್ಣೂದ ಬಿಟ್ಟೇವೇನು? ನಿಮಗ ಯಾರ ಅಂಜಿಕಿ ಐತಿ?" ಸುಂದರಾ ನಲ್ಲಿ ಬಂದ್ ಮಾಡಿ ಎದ್ದಳು. ಇದೇ ಲಕ್ಕವ್ವ ಮೊದಲ ತಿಂಗಳು ಅವಳ ಕೈಯಿಂದ ದಾರದ ಉಂಡೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ಅಲ್ಲೇ ಇಡ್ರಿ, ತಗೋತೀನಿ" ಎನ್ನುತ್ತಿದ್ದಳು. ನಮ್ಮ ಕಸುಬನ್ನು ನಮಗೆ ಕಲಿಸಲಿಕ್ಕೆ ಬಂದವಳು ನಮ್ಮವಳಲ್ಲ, ನಮಗಿಂತ ಕೆಳಗಿನವಳು ಎಂಬುದು ಅವಳ ಬಿಂಕ. ಕುಡಿಯುವ ನೀರಿನ ಕೊಡವನ್ನು ಇವತ್ತಿಗೂ ಮನೆಯಿಂದಲೇ ಹೊತ್ತು ತರುತ್ತಾಳೆ. ಆದರೆ ಮಷೀನು ಬಿಂಕ ನೋಡುವುದಿಲ್ಲ. ಮೊದಲ ಸಲ ಕಾಲಿಟ್ಟಾಗ ಮೋಟಾರು ರೊಯ್ಯೆಂದು ಓಡಿ ತೊಗಲು ಕೈಯಿಂದ ಕಿತ್ತುಕೊಂಡು ಹೋದಾಗ, ಲಕ್ಕವ್ವ ಚೀರಿ ಹಿಡಿದುಕೊಂಡದ್ದು ಸುಂದರಾಳ ಕೈಯನ್ನೇ. ಆಮೇಲೆ ಎಷ್ಟೋ ದಿನ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಸುಂದರಾ ತಿರುವು ಕಲಿಸಿದ್ದಳು. ಅದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ. ಕೊಡ ಮಾತ್ರ ಬರುತ್ತಲೇ ಇತ್ತು.

ಒಳಗೆ ಹೋಗಿ ಅವಳು ಪಾಠ ಸುರು ಮಾಡಿದಳು. ಕಪ್ಪು ಕೈಯನ್ನು ಸೆರಗಿನೊಳಗೆ ಅಡಗಿಸಿ ಎಡಗೈಯಲ್ಲೇ ತೋರಿಸತೊಡಗಿದಳು. ಹಳೆಯ ಮಷೀನುಗಳ ಪಕ್ಕಕ್ಕೆ ಹೊಸ ಮಷೀನು ಗೋಡೆಗೆ ಹತ್ತಿ ನಿಂತಿತ್ತು, ಮೇಜಿನ ಮೇಲೆ ಮೊಳದುದ್ದದ ಕಂಬ, ಕಂಬದ ತುದಿಯಲ್ಲಿ ಸೂಜಿ. ಹೆಂಗಸರು ಅದಕ್ಕೆ ಕಂಬದ ಮಷೀನು ಎಂದು ಹೆಸರಿಟ್ಟಿದ್ದರು. ಇವತ್ತು ಅದಕ್ಕೇ ತೆಂಗಿನಕಾಯಿ ಒಡೆಯುವುದು. ಹೊಲಿಗೆ ಹತ್ತಿರ ಹತ್ತಿರ ಹಾಕಬ್ಯಾಡ್ರಿ, ಗಟ್ಟಿ ಆಗತೈತಿ ಅಂತ ತಿಳೀಬ್ಯಾಡ್ರಿ, ತೂತು ಹೆಚ್ಚಾದಷ್ಟು ತೊಗಲು ಅಲ್ಲೇ ಹರೀತೈತಿ. ಬಣ್ಣ ಒಮ್ಮೆಲೇ ದಪ್ಪಗ ಬಳೀಬ್ಯಾಡ್ರಿ, ತೆಳ್ಳಗ ಹಚ್ರಿ, ಒಣಗಲಿ, ಮತ್ತ ಹಚ್ರಿ. ಒಣಗೂದಕ್ಕಿಂತ ಮೊದಲ ಮ್ಯಾಲ ಹೊಳಪು ಕೊಟ್ರ ನಾಳಿಗೆ ಬಿರುಕು ಬಿಡತೈತಿ. ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಬಹುದು, ತೊಗಲಿನಲ್ಲಿ ಬಿದ್ದ ತೂತು ಬಿದ್ದದ್ದೇ, ಎಂದು ಮದ್ರಾಸಿನಲ್ಲಿ ಅವಳಿಗೆ ಮೊದಲ ದಿನ ಹೇಳಿದ್ದರು. ಆ ಮಾತಿಗೇ ಅವಳು ಮರುಳಾದದ್ದು. ಅದಕ್ಕಿಂತ ಮೊದಲು ಜುಗೂಳದಲ್ಲಿ ಅವಳು ಹೊಲಿದ ಪೋಲಕಗಳಿಗೆ ಲೆಕ್ಕವಿಲ್ಲ. ಬಿಗಿಯಾಯಿತು ಬಿಚ್ಚು, ಸಡಿಲಾಯಿತು ಬಿಚ್ಚು. ತೊಗಲಿಗೆ ಸೂಜಿ ಇಳಿದಾಗ ಬಂದ ಆ ದಪ್ಪ ಸದ್ದು, ಕಾಲ ಕೆಳಗಿನ ಮೋಟಾರಿನ ಗುಂಯ್ಗುಡುವಿಕೆ, ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ ಎಂಬ ಹೆದರಿಕೆ, ಇವು ಅವಳಿಗೆ ಸೇರಿದವು. ಹೌದು, ಸೇರಿದವು. ಹೊಟ್ಟೆಪಾಡು ಎಂದು ಅಪ್ಪನಿಗೆ ಹೇಳಬಹುದಾಗಿತ್ತು, ಕಾಕಾ ಹೇಳಿದ ಹಾಗೆ. ಆದರೆ ಅದು ಹೊಟ್ಟೆಪಾಡಾಗಿರಲಿಲ್ಲ, ಇಷ್ಟವಾಗಿತ್ತು. ಅಪ್ಪ ಊರಿಗೆ ಊರನ್ನೇ ಎದುರು ಹಾಕಿಕೊಂಡು ಬಿಟ್ಟು ಬಂದದ್ದನ್ನು ಮಗಳು ಇಷ್ಟಪಟ್ಟು ಹಿಡಿದಿದ್ದಾಳೆ ಎಂಬುದನ್ನು ಯಾವ ಬಾಯಿಂದ ಹೇಳುವುದು?

ಮೂರನೆಯ ಇಯತ್ತೆಯಲ್ಲಿ ಗುರುಗಳು ಶುದ್ಧಬರಹ ಹೇಳಿದ್ದರು. ವಾಕ್ಯ, "ಅವಳು ಬಟ್ಟೆ ಹೊಲಿಯುತ್ತಾಳೆ" ಎಂಬುದು. ಸುಂದರಾ ಪಾಟಿಯ ಮೇಲೆ ಲಿ ಬರೆಯುವಲ್ಲಿ ಲೆ ಬರೆದಳು. ಊರಿನ ಮಾತಿನಲ್ಲಿ ಹೊಲಿಯುವುದಕ್ಕೆ ಹೊಲ್ಯಾಕ ಎನ್ನುತ್ತಾರೆ, ಅವಳ ಓಣಿಯವರನ್ನು ಕರೆಯುವ ಶಬ್ದವೂ ಹಾಗೆಯೇ ಸುರುವಾಗುತ್ತದೆ; ಕೂಸಿನ ಕಿವಿಗೆ ಎರಡೂ ಒಂದೇ. ಗುರುಗಳು ಪಾಟಿಯನ್ನು ಎತ್ತಿ ಹಿಡಿದು, ಇವಳು ತನ್ನ ಜಾತಿಯನ್ನು ತಾನೇ ಬರೆದುಕೊಂಡಿದ್ದಾಳೆ ನೋಡಿರೆಂದು ಇಡೀ ವರ್ಗಕ್ಕೆ ತೋರಿಸಿದರು. ವರ್ಗ ಬಿದ್ದು ಬಿದ್ದು ನಕ್ಕಿತು. ಸುಂದರಾ ಕೂಡ ನಕ್ಕಳು, ಯಾಕೆಂದು ಗೊತ್ತಾಗದೆ. ಆ ಸಂಜೆ ಅಪ್ಪ ಗ್ಯಾಂಗಿನ ಕೆಲಸದಿಂದ ಬಂದವನು ಪಾಟಿ ತೊಡೆಯ ಮೇಲಿಟ್ಟುಕೊಂಡು, ದೊಡ್ಡವನಾದ ಮೇಲೆ ಕಲಿತ ತನ್ನ ಗುಂಡಗಿನ ಅಕ್ಷರದಲ್ಲಿ ಬರೆದು ತೋರಿಸಿದ. "ಲಕ್ಕ ಗುಡಿಸು ಕೊಟ್ರ ಲಿ. ಏತ್ವ ಕೊಟ್ರ ಲೆ. ಎರಡೂ ಅಕ್ಷರಾನ. ಇದರಾಗ ನಗೂದೇನೈತಿ?" ಎಂದು ಕೇಳಿದ. ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಮತ್ತೆ ಕೇಳಿರಲಿಲ್ಲ. ಹೊಲಿಗೆ ಟೀಚರು ಎಂದು ಅವನಿಗೆ ಹೇಳಿದಾಗ ಅವನ ಮುಖ ಅರಳಿದ್ದು, ಅವ್ವನ ಕಡೆಗೆ ತಿರುಗಿ "ಲಿ, ಗುಡಿಸು" ಎಂದು ನಕ್ಕದ್ದು ಅವಳಿಗೆ ನೆನಪಾಯಿತು.

ಜೀಪಿನ ಸದ್ದಾಯಿತು. ಶಾಂತಿನಾಥರು ಮುಂದೆ ಓಡಿಬಂದು ಬಾಗಿಲಿನ ಎರಡೂ ಬದಿಗೆ ಹೆಂಗಸರನ್ನು ಸರಿಸಿದರು. ಅವರು ಜೈನರು, ಜೀವದಯೆಯವರು, ತೊಗಲನ್ನು ಮುಟ್ಟುವುದಿಲ್ಲ, ಸರಕಾರ ಇಲ್ಲಿಗೆ ಹಾಕಿದೆ ಎಂದು ಮೂಗಿಗೆ ಕರವಸ್ತ್ರ ಹಿಡಿದು ನೌಕರಿ ಮಾಡುತ್ತಿದ್ದಾರೆ. ಅವರ ಕಾಲಿಗೂ ಅಪ್ಪನ ಹಾಗೆ ಕ್ಯಾನ್ವಾಸು ಬೂಟು. ಇಬ್ಬರನ್ನೂ ಒಂದು ಬೆಂಚಿನ ಮೇಲೆ ಕೂಡಿಸಿದರೆ ಹೇಗೆ ಕಂಡೀತು ಎಂದು ಸುಂದರಾ ಒಮ್ಮೊಮ್ಮೆ ಯೋಚಿಸಿದ್ದಳು. "ಕೀಲಿಕೈ ಕೊಡ್ರಿ ಸರ್, ಸ್ಪಿರಿಟ್ ಬೇಕಿತ್ತು" ಎಂದು ಅವರ ಬೆನ್ನ ಹಿಂದೆ ಪಿಸುಗುಟ್ಟಿದಳು. "ಈಗ? ಈಗೇನ ಸ್ಪಿರಿಟ್‌ರೀ, ಸಾವಕಾರ್ರು ಬಂದಾರ" ಎಂದು ಅವರು ತಿರುಗಿಯೂ ನೋಡದೆ ಹೋದರು. ಬಂದವರನ್ನು ನೋಡಿ ಅವಳ ಕಾಲು ಅಲ್ಲೇ ನಿಂತಿತು. ಯಾರೋ ದೊಡ್ಡವರು ಬರುತ್ತಾರೆಂದು ಗೊತ್ತಿತ್ತು, ಜುಗೂಳದ ವಾಡೆಯ ರಾವಸಾಹೇಬರೆಂದು ಗೊತ್ತಿರಲಿಲ್ಲ. ಕಬ್ಬು, ದ್ರಾಕ್ಷಿ, ನಾಲ್ಕು ಸಂಘಗಳ ಖುರ್ಚಿ. ಬಿಳಿ ಧೋತರ, ಬಿಳಿ ಮೀಸೆ, ನಗುಮುಖ. ಸತ್ತ ಆ ಎತ್ತು ಇವರ ತಂದೆಯದು.

ರಾವಸಾಹೇಬರು ಒಳ್ಳೆಯ ಮನುಷ್ಯರೇ. ಕಾಯಿ ಒಡೆದರು, ಗುಂಡಿ ಒತ್ತಿದರು, ಮೋಟಾರು ಗುಂಯ್ಗುಟ್ಟಿದ್ದಕ್ಕೆ ಖುಷಿಪಟ್ಟರು. ಎಷ್ಟು ದಪ್ಪದ ತೊಗಲನ್ನು ಹೊಲಿಯುತ್ತದೆ, ದಾರ ಹತ್ತಿಯದೋ ನೈಲಾನಿನದೋ ಎಂದು ಕೇಳಿದರು. ಸುಂದರಾ ಬಲಗೈಯನ್ನು ಬೆನ್ನಿಗೆ ಹಚ್ಚಿಕೊಂಡು ಉತ್ತರ ಹೇಳುತ್ತ ಹೋದಳು, ಧ್ವನಿ ಮಾತ್ರ ಸಣ್ಣಗಾಗುತ್ತಿತ್ತು. ಹೊಸ್ತಿಲು ದಾಟುವಾಗ ಅವರ ಬಲಗಾಲಿನ ಚಪ್ಪಲಿಯ ಹೆಬ್ಬೆರಳಿನ ಪಟ್ಟಿ ಕಿತ್ತಿತ್ತಂತೆ. ಖುರ್ಚಿಯ ಮೇಲೆ ಕೂತು, ಕಾಲಿನಿಂದಲೇ ಆ ಚಪ್ಪಲಿಯನ್ನು ಅವಳ ಮುಂದಕ್ಕೆ ಸರಿಸಿದರು. "ಬಾಯೀ, ಇದಕ್ಕೊಂದ ಹೊಲಿಗಿ ಹಾಕಿಬಿಡು. ನಿನ್ನ ಮಷೀನದ ಉದ್ಘಾಟನಾ ಖರೇ ಆದ್ಹಂಗ ಆತು" ಎಂದರು. ಎಲ್ಲರೂ ನಕ್ಕರು, ಶಾಂತಿನಾಥರು ಎಲ್ಲರಿಗಿಂತ ಜೋರಾಗಿ ನಕ್ಕರು. ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಸುಂದರಾಳ ನಡು ಬಗ್ಗಿತು. ಬಗ್ಗಬೇಕೋ ಬೇಡವೋ ಎಂದು ಮನಸ್ಸು ಕೇಳುವ ಮೊದಲೇ ನಡು ತಾನಾಗಿ ಬಗ್ಗಿತು, ಇಂಥ ಕಾಲಿನ ಮುಂದೆ ಬಗ್ಗುವುದು ಅದಕ್ಕೆ ಹೇಳಿಕೊಡದೆಯೇ ಗೊತ್ತಿತ್ತು. ಅರ್ಧ ಬಗ್ಗಿದಾಗಲೇ ಅವಳಿಗೆ ಬಾಗಿಲಲ್ಲಿ ಒಂದು ಜೊತೆ ಕ್ಯಾನ್ವಾಸು ಬೂಟು ಕಂಡದ್ದು, ಮೇಲೆ ಸುತಳಿ ಕಟ್ಟಿದ ಪ್ಯಾಂಟು, ಕೈಯಲ್ಲಿ ರೊಟ್ಟಿಯ ಗಂಟು.

ರಾವಸಾಹೇಬರೂ ನೋಡಿದರು. "ಅರೇ, ನಾಮ್ಯಾ ಅಲ್ಲೇನಿದು? ಬಾ, ಬಾ. ಇಕಿ ನಿನ್ನ ಮಗಳೇನು?" ಎಂದು ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಊರಿನವನೊಬ್ಬ ಪರ ಊರಲ್ಲಿ ಸಿಕ್ಕ ಸಂತೋಷ. ಪಕ್ಕದವರಿಗೆ ವಿವರಿಸಿದರು, "ಇವ ಬಾಳ ಖಡಕ್ ಮನಷ್ಯಾ. ನಮ್ಮಪ್ಪನ ಕಾಲದಾಗ ಎತ್ತ ಸತ್ರ ಎಳಿಯಾಕ ಬರಲಿಲ್ಲ ಇವ. ಊರೆಲ್ಲಾ ನಾತಾ." ಮತ್ತೆ ಅಪ್ಪನ ಕಡೆಗೆ ತಿರುಗಿ, "ಇರ್ಲಿ ಬಿಡೋ, ಅದೆಲ್ಲಾ ಆಗಿ ಹೋತು. ನೀ ಬರಲಿಲ್ಲ, ಮಗಳ ಬಂದಾಳಲ್ಲಾ" ಎಂದರು. ಯಾರೂ ನಗಲಿಲ್ಲ. ಮೋಟಾರು ಮಾತ್ರ ಗುಂಯ್ಗುಡುತ್ತಿತ್ತು. ಅಪ್ಪ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಮಂಜುಗಣ್ಣನ್ನು ಕಿರಿದು ಮಾಡಿಕೊಂಡು ಗೋಡೆಗೆ ತೂಗುಹಾಕಿದ ತೊಗಲುಗಳನ್ನು, ಮೇಜಿನ ಮೇಲಿನ ಬಣ್ಣದ ಡಬ್ಬಿಗಳನ್ನು, ಕೊನೆಗೆ ಅವಳನ್ನು ನೋಡಿದ. ಎಲ್ಲ ಮುಗಿಯಿತು ಎಂದುಕೊಂಡಳು ಸುಂದರಾ. ವಿಚಿತ್ರವೆಂದರೆ, ಮುಗಿಯಿತು ಎಂದುಕೊಂಡ ಕೂಡಲೇ ಅವಳ ಹೆದರಿಕೆ ಇಳಿಯಿತು. ಬಗ್ಗಿದ ನಡುವನ್ನು ಅವಳು ನೆಟ್ಟಗೆ ಮಾಡಿದಳು. ಬೆನ್ನ ಹಿಂದಿನಿಂದ ಬಲಗೈ ತೆಗೆದು, ಮಣಿಕಟ್ಟಿನವರೆಗೆ ಕಪ್ಪಗಿದ್ದ ಆ ಕೈಯಿಂದಲೇ ಮಷೀನಿನ ಮುಂದಿನ ಸ್ಟೂಲು ತೋರಿಸಿದಳು.

"ನಾ ಹೊಲ್ದ ಕೊಡಾಕಿ ಅಲ್ರಿ ಸಾವಕಾರ್ರ. ನಾ ಹೊಲ್ಯಾಕ ಕಲಸಾಕಿ" ಎಂದಳು. ಹೊಲ್ಯಾಕ ಎಂಬ ಶಬ್ದ ಬಾಯಿಂದ ಪೂರ್ತಿಯಾಗಿ, ಯಾವ ನುಂಗುವಿಕೆಯೂ ಇಲ್ಲದೆ ಬಂತು. "ಬರ್ರಿ, ಚಪ್ಪಲಿ ತಗೊಂಡ ಇಲ್ಲಿ ಕುಂಡ್ರಿ, ಕಲಸ್ತೀನಿ. ಕಾಲ ಹಗೂರಕ ಇಡ್ರಿ, ಇಟ್ರ ಸಾಕು. ತುಳೀಬ್ಯಾಡ್ರಿ."

ರಾವಸಾಹೇಬರಿಗೆ ಇದು ಚೇಷ್ಟೆಯೋ ಅಲ್ಲವೋ ತಿಳಿಯಲಿಲ್ಲ. ನಗಲು ಹೋದರು, ನಗು ಅರ್ಧಕ್ಕೇ ಉಳಿಯಿತು. ಲಕ್ಕವ್ವ ರೂಢಿಯಂತೆ ಮುಂದೆ ಬಂದು ಆ ಚಪ್ಪಲಿಗೆ ಕೈ ಹಾಕಲು ಹೊರಟಳು, ಸುಂದರಾಳ ಮುಖ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು. "ನಾನೂ ಕಲಿಯಾಕ ಬಂದಾಕಿ ಅದೀನ್ರಿ" ಎಂದು ಯಾರಿಗೆಂದಿಲ್ಲದೆ ಹೇಳಿ ಸೆರಗು ಬಾಯಿಗೆ ಹಿಡಿದಳು. ಚಪ್ಪಲಿ ನೆಲದ ಮೇಲೆ ಅಲ್ಲೇ ಇತ್ತು. ಕೊನೆಗೆ ರಾವಸಾಹೇಬರೇ ಅದರೊಳಗೆ ಕಾಲು ತುರುಕಿ, ಅದನ್ನು ಎಳೆಯುತ್ತ ಜೀಪಿನವರೆಗೆ ನಡೆದರು. ಆ ಎಳೆಯುವ ಸದ್ದು ಅಂಗಳದ ಉದ್ದಕ್ಕೂ ಕೇಳಿಸಿತು. ಅವರು ಬಾಗಿಲು ದಾಟುವಾಗ ಅಪ್ಪ ಪಕ್ಕಕ್ಕೆ ಸರಿಯಲಿಲ್ಲ, ಅವರೇ ಸರಿದು ಹೋದರು. ಆಮೇಲೆ ಅಪ್ಪ ಗಂಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೊರಗಿನ ಬೇವಿನ ಮರದ ಕಡೆಗೆ ಹೋದ.

ಶಾಂತಿನಾಥರು ಜೀಪು ಕಳಿಸಿ ಬಂದವರೇ ರೇಗಿದರು. "ಏನ್ರಿ ಸುಂದರಾಬಾಯಿ, ನನ್ನ ಮುಖಕ್ಕ ಮಸಿ ಬಳದ್ರಿ. ಒಂದ ಹೊಲಿಗಿ ಹಾಕಿದ್ರ ನಿಮ್ಮ ಗಂಟೇನ ಹೋಗತಿತ್ತು? ಮ್ಯಾಲಿನವರು ಕೇಳಿದ್ರ ನಾ ಏನ ಹೇಳ್ಲಿ?" ಅವಳು ಮೋಟಾರು ಬಂದ್ ಮಾಡಿದಳು. ಅವರ ಕಣ್ಣು ಅವಳ ಕೈಯ ಮೇಲೆ ಬಿತ್ತು. ಉಡಿದಾರದಿಂದ ಬೀಗದ ಕೈ ಬಿಚ್ಚಿ, ಬೀರು ತೆರೆದು, ಸ್ಪಿರಿಟ್ಟಿನ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದರು. "ಮೊದಲ ಆ ಕೈಯರೇ ತೊಳಕೋರಿ. ನೋಡಾಕ ಆಗವಲ್ದು." ಮುಂಜಾನೆಯಿಂದ ಅವಳು ಹಂಬಲಿಸಿದ್ದ ಬಾಟಲಿ. ಮುಚ್ಚಳ ತೆಗೆದಳು, ವಾಸನೆ ಮೂಗಿಗೆ ಬಂತು. ಇದರಿಂದ ಪೂರ್ತಿ ಹೋಗದಿದ್ದರೂ ಬೂದಿ ಬಣ್ಣಕ್ಕಾದರೂ ಬಂದೀತು. ಅಪ್ಪನ ಕಣ್ಣಿಗೆ ಅಷ್ಟು ಸಾಕು. ನೋಡಿಯೇ ಇಲ್ಲದ ಹಾಗೆ ಇರಬೇಕೆಂದು ಅವನಿಗೆ ಅನ್ನಿಸಿದ್ದರೆ ಅದಕ್ಕೊಂದು ನೆವ ಸಿಗುತ್ತದೆ, ತೊಳೆದ ಕೈಗೆ ಅವನು ರೊಟ್ಟಿ ಕೊಡಬಹುದು, ಇಬ್ಬರೂ ಹೊಲಿಗೆ ಟೀಚರು ಎಂಬ ಮಾತಿನ ನೆರಳಿನಲ್ಲಿ ಇನ್ನೊಂದು ವರ್ಷ ಕಳೆಯಬಹುದು. ಕಿಡಕಿಯಿಂದ ಅವನು ಕಾಣುತ್ತಿದ್ದ, ಬೇವಿನ ಬುಡದಲ್ಲಿ ಟಾವೆಲ್ಲು ಹಾಸಿ ಗಂಟು ಬಿಚ್ಚುತ್ತಿದ್ದ. ಅವಳು ಬಾಟಲಿಯ ಮುಚ್ಚಳವನ್ನು ತಿರುಗಿ ಬಿಗಿ ಮಾಡಿದಳು. "ಬ್ಯಾಡ್ರಿ ಸರ್. ಬಣ್ಣಕ್ಕ ಬೇಕಾಗತೈತಿ, ಇಡ್ರಿ" ಎಂದು ಹೇಳಿ, ನಲ್ಲಿಯಲ್ಲಿ ಬರೀ ನೀರಿನಿಂದ ಕೈ ತೊಳೆದು, ಒರೆಸಿಕೊಳ್ಳದೆ ಹೊರಗೆ ನಡೆದಳು.

ಅಪ್ಪ ಜೋಳದ ರೊಟ್ಟಿ, ಕೆಂಪು ಖಾರದ ಹಿಂಡಿ, ಉಳ್ಳಾಗಡ್ಡಿ ಮುಂದಿಟ್ಟುಕೊಂಡು ಕೂತಿದ್ದ. ಅವಳು ಎದುರು ಕೂತಳು. ಡಾಕ್ಟರು ಏನೆಂದರು ಎಂದು ಕೇಳಬೇಕಿತ್ತು, ಕೇಳಲಿಲ್ಲ.

"ಹೊಲಿಗಿ ಟೀಚರ ಅಂದಿದ್ದಿ" ಎಂದ ಅಪ್ಪ.

"ಇದೂ ಹೊಲಿಗೀನ."

"ತೊಗಲಿಂದು ಅನ್ನಲಿಲ್ಲ."

"ಅನ್ನಲಿಲ್ಲ" ಎಂದಳು. "ಸತ್ತೆಪ್ಪ ಕಾಕಾಗ ಮಾಡಿದ್ದು ನನಗೂ ಮಾಡ್ತಿ ಅಂತ ಅನ್ನಲಿಲ್ಲ."

ಅಪ್ಪ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದ. ಬಹಳ ಹೊತ್ತು ಅದರ ಸಿಪ್ಪೆ ಸುಲಿದ. "ಅವ ಕಾಲ ಮುಂದ ಮಾಡಿದ್ರ ನೀ ಬಗ್ಗಿದಿ" ಎಂದ, ತಲೆ ಎತ್ತದೆ. ಅಷ್ಟು ಮಂಜುಗಣ್ಣಿಗೆ ಅದೊಂದು ಚೆನ್ನಾಗಿ ಕಂಡಿತ್ತು.

"ಬಗ್ಗಿದೆ. ಆಮ್ಯಾಲ ಎದ್ದೆ. ಅದನೂ ನೋಡಿದೇನು?"

ಅಪ್ಪ ಸಿಪ್ಪೆಗಳನ್ನು ಒಂದು ಬದಿಗೆ ಸರಿಸಿದ. "ಕೈ ತೊಳಕೊಂಡ ಬಾ" ಎಂದ.

"ತೊಳಕೊಂಡ ಬಂದೇನಪಾ. ಇದು ಹಿಂಗಽ ಇರತೈತಿ."

ಅವಳು ಬಲಗೈ ಚಾಚಿದಳು. ಬೇವಿನ ಎಲೆಗಳ ಸಂದಿಯಿಂದ ಬಿಸಿಲು ಬಂದು ಅಂಗೈಯ ಮೇಲೆ ಬಿದ್ದಿತ್ತು, ಕಪ್ಪು ಗೆರೆಗಳೆಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ಅಪ್ಪ ಒಂದು ರೊಟ್ಟಿ ತೆಗೆದು, ನಡುವೆ ಹಿಂಡಿ ಇಟ್ಟು, ಮಡಿಚಿದ. ಅವಳು ಸಣ್ಣವಳಿದ್ದಾಗ ಹಾಗೇ ಮಡಿಚಿ ಕೊಡುತ್ತಿದ್ದ. ರೊಟ್ಟಿ ಹಿಡಿದ ಅವನ ಕೈ ಅವಳ ಕೈಯ ಮೇಲಕ್ಕೆ ಬಂತು, ಬಂದು ಗೇಣು ಎತ್ತರದಲ್ಲಿ ನಿಂತಿತು. ಆ ಎತ್ತರ ಅವಳಿಗೆ ಗೊತ್ತಿತ್ತು. ವಾಡೆಯ ಅಂಗಳದಲ್ಲಿ ನಿಂತು ಅವನು ಕಲಿತದ್ದು ಅದೇ ಎತ್ತರ, ಕಾಕಾನ ತಾಟಿನ ಮೇಲೆ ಅವನು ಹಿಡಿದದ್ದೂ ಅದೇ. ಈಗ ಬೀಳುತ್ತದೆ, ಟಪ್ಪೆನ್ನುತ್ತದೆ, ಆಮೇಲೆ ತಾನು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಆಯುಷ್ಯ ಸುಮ್ಮನಿರಬೇಕು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾಕಾನ ಸಿಟ್ಟೂ ಅದರಲ್ಲಿತ್ತು.

"ಮ್ಯಾಲಿಂದ ಹಾಕಬ್ಯಾಡಪಾ" ಎಂದಳು.

ಅಪ್ಪನ ಕೈ ಅಲುಗಲಿಲ್ಲ. ತನ್ನ ಕೈ ಎಷ್ಟು ಮೇಲಿದೆ ಎಂಬುದು ಅವನಿಗೇ ಆಗ ಗೊತ್ತಾದ ಹಾಗಿತ್ತು. ಕೈ ಕೆಳಗಿಳಿಯಲೂ ಇಲ್ಲ, ರೊಟ್ಟಿ ಬಿಡಲೂ ಇಲ್ಲ. ಸುಂದರಾ ಕಾಯಲಿಲ್ಲ. ಕಪ್ಪು ಅಂಗೈಯನ್ನು ಹಾಗೆಯೇ ಮೇಲಕ್ಕೆತ್ತುತ್ತ ಹೋದಳು, ರೊಟ್ಟಿಗೆ ತಾಗುವವರೆಗೆ, ರೊಟ್ಟಿಯ ಅಂಚನ್ನು ದಾಟಿ ಅವನ ಬೆರಳು ಸಿಗುವವರೆಗೆ. ಬೆರಳು ಸಿಕ್ಕವು. ಅವಳು ಬಿಡಲಿಲ್ಲ.